ಇಬ್ಬರು ಅಕ್ಕಂದಿರು

ಬ್ಲೇಡಿನ ತುದಿ ಕಾಗದದ ಅಡಿಗೆ ಸರಿಯಿತು. ಒಂದು ಮೂಲೆ ಮೇಲೆದ್ದಿತು.

“ಸಾವಕಾಶ ಎಬ್ಬಸ್ರಿ ಮೇಡಂ. ಕೆಳಗಿನ ಪೋಸ್ಟರ್ ಹರದೀತು,” ಎಂದ ಹಿಂದೆ ನಿಂತಿದ್ದ ವಿರೂಪಾಕ್ಷ.

ಸೈಬರ್ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಸಂಘಮಿತ್ರಾ ತಿರುಗಿ ನೋಡಲಿಲ್ಲ. ಬೈಲಹೊಂಗಲದ ಕಲ್ಯಾಣಿ ಬಾಲಕಿಯರ ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯ ಹೊರಗೆ, ಗೋಡೆಗೆ ಮುಖ ತಾಗುವಷ್ಟು ಹತ್ತಿರ ನಿಂತು, ಅವಳು ಆ ಅಂಟುಚೀಟಿಯನ್ನು ಇಡಿಯಾಗಿ ಬಿಡಿಸುವ ಯತ್ನದಲ್ಲಿದ್ದಳು.

ಪೋಸ್ಟರಿನ ಮೇಲೆ ದಪ್ಪ ಅಕ್ಷರ. ‘ಮೊಬೈಲಿನಲ್ಲಿ ಯಾರಾದರೂ ಕಾಡುತ್ತಿದ್ದಾರೆಯೇ? ಗೆಳತಿ ಅಕ್ಕನಿಗೆ ಹೇಳು.’ ಅದರ ಕೆಳಗೆ ಕಪ್ಪು ಬಿಳುಪಿನ ಚೌಕದ ಕೋಡ್. ಶಾಲೆಯ ಟ್ಯಾಬ್ ಹಿಡಿದರೆ ಅಕ್ಕನ ವಿಳಾಸ ತೆರೆದುಕೊಳ್ಳಬೇಕು. ಆದರೆ ಆ ಚೌಕದ ಮೇಲೆ ಯಾರೋ ಅಷ್ಟೇ ಅಳತೆಯ ಇನ್ನೊಂದು ಚೌಕ ಅಂಟಿಸಿದ್ದರು.

ಒಂಬತ್ತನೇ ತರಗತಿಯ ವಿಜಯಾ ಶಾಲೆ ಬಿಟ್ಟು ಕುಳಿತದ್ದು ಈ ‘ಗೆಳತಿ ಅಕ್ಕ’ನ ಕಾಟಕ್ಕೆ ಎಂಬುದು ಹಿಂದಿನ ದಿನವಷ್ಟೇ ಬಯಲಾಗಿತ್ತು.

ಅಂಟುಚೀಟಿ ಪೂರ್ತಿ ಬಿಟ್ಟುಬಂತು. ಹೆಡ್ ಕಾನ್‌ಸ್ಟೇಬಲ್ ಗಂಗಯ್ಯ ಅದನ್ನು ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿಕೊಂಡ. ಸಂಘಮಿತ್ರಾ ಕೆಳಗಿನ ಮೂಲ ಕೋಡಿಗೆ ತನ್ನ ಮೊಬೈಲ್ ಹಿಡಿದಳು. ಸೂರ್ಯಕಾಂತಿ ಹೂವಿನ ಚಿತ್ರವಿದ್ದ ಪುಟ ತೆರೆಯಿತು. ‘ನಿನ್ನ ಮಾತು ನನ್ನಲ್ಲೇ ಇರುತ್ತದೆ. ನಿನ್ನ ಹೆಸರು ಮತ್ತು ಮನೆಯ ನಂಬರ್ ಬರೆ.’

“ಇದ ನೋಡ್ರಿ ನಮ್ಮದು,” ಎಂದ ವಿರೂಪಾಕ್ಷ, ನೆಮ್ಮದಿಯಿಂದ. “ಇನ್ನ ಹಂಗ ತೆರೆದಿರಲಿ ಬಿಡ್ರಿ. ಹುಡುಗ್ಯಾರಿಗೆ ಬೇಕಾಗತೈತಿ.”

ವಿರೂಪಾಕ್ಷ ಜಾಲಜಾಗೃತಿ ವೇದಿಕೆಯ ಭಾಷಣಕಾರ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನಾಲ್ಕು ಶಾಲೆಗಳಲ್ಲಿ ಮಕ್ಕಳಿಗೆ ಮೊಬೈಲಿನ ಅಪಾಯಗಳ ಬಗ್ಗೆ ಮಾತನಾಡಿದ್ದ. ನಾಲ್ಕೂ ಕಡೆ ವೇದಿಕೆಯ ಇದೇ ಪೋಸ್ಟರ್ ಇತ್ತು. ಇಲ್ಲಿ ಯಾರೋ ಮೇಲೆ ಅಂಟಿಸಿದ್ದಾರೆ ಎಂದು ಠಾಣೆಗೆ ಫೋನು ಮಾಡಿದವನೂ ಅವನೇ.

ಅವನ ಪಕ್ಕದಲ್ಲಿ ಮುಖ್ಯೋಪಾಧ್ಯಾಯ ರಾಮಲಿಂಗಪ್ಪ ಕನ್ನಡಕ ಒರೆಸುತ್ತ ನಿಂತಿದ್ದರು. “ಮೇಡಂ, ಸಾಲಿ ಹೆಸರು ಪೇಪರ್‌ನಾಗ ಬರಲಾರದಂಗ ನೋಡ್ರಿ. ಮುಂದಿನ ವರ್ಷ ಯಾರೂ ಹೆಣ್ಣಮಕ್ಕಳನ್ನ ಕಳಸೂದಿಲ್ಲ.”

“ಹೆಸರು ಆಮ್ಯಾಲ ನೋಡೂಣ್ರಿ ಸರ್. ನನಗ ಕುಂಡ್ರಾಕ ಒಂದ ಜಾಗಾ ಕೊಡ್ರಿ,” ಎಂದಳು ಸಂಘಮಿತ್ರಾ.

ಗ್ರಂಥಾಲಯದ ಮೂಲೆಯಲ್ಲಿ ಒಂದು ಮೇಜು ಸಿಕ್ಕಿತು. ವಿಜಯಾಳ ತಾಯಿ ಗುರುಬಸವ್ವ ಒಪ್ಪಿಸಿ ಹೋಗಿದ್ದ ಮೊಬೈಲನ್ನು ಸಂಘಮಿತ್ರಾ ಮತ್ತೆ ತೆರೆದಳು. ಅದರಲ್ಲಿ ‘ಗೆಳತಿ ಅಕ್ಕ’ ಎಂಬ ಹೆಸರಿನಲ್ಲಿ ಎರಡು ನಂಬರ್‌ಗಳಿದ್ದವು.

ಒಂದರ ಮಾತು ಬೆಲ್ಲ. ‘ಊಟ ಮಾಡಿದಿ ಇಲ್ಲೋ? ಅಂಜಬ್ಯಾಡ. ಅವ್ವಗ ಹೇಳು. ಬೈದರೂ ಆಕಿ ನಿನ್ನ ಕಡೀನ ನಿಲ್ತಾಳ.’

ಇನ್ನೊಂದು ಮೊದಮೊದಲು ಹಾಗೆಯೇ ನಯವಾಗಿತ್ತು. ವಿಜಯಾ ಮನೆಯವರಿಗೆ ಗೊತ್ತಾಗದಂತೆ ಬೇರೆ ಹೆಸರಿನಲ್ಲಿ ತನ್ನ ಹಾಡಿನ ವಿಡಿಯೋ ಹಾಕುತ್ತಿದ್ದಳು. ಆ ಗುಟ್ಟನ್ನು ಅಕ್ಕನಿಗೆ ಹೇಳಿಕೊಂಡ ಮೇಲೆ ಧಾಟಿ ಬದಲಾಯಿತು. ‘ನೀ ಹೇಳಿದ್ದೆಲ್ಲಾ ನನ್ನ ಹತ್ತರ ಐತಿ. ನಿಮ್ಮ ಅಪ್ಪಗ ಕಳಸಲೇನು? ಬ್ಯಾಡಂದ್ರ ಇನ್ನೊಬ್ಬಾಕಿ ಗೆಳತಿನ್ನ ನನಗ ಬರಿಯಾಕ ಹಚ್ಚು.’

ಮುದ್ದು ಮಾಡುವವರೂ ಹೆದರಿಸುವವರೂ ಒಬ್ಬರೇ, ಎರಡು ಸಿಮ್ ಇಟ್ಟುಕೊಂಡಿದ್ದಾರೆ ಎಂದು ಠಾಣೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಬೆದರಿಕೆಯ ನಂಬರ್ ಎಂ.ಕೆ. ಹುಬ್ಬಳ್ಳಿಯ ಕಬ್ಬಿನ ಟ್ರ್ಯಾಕ್ಟರ್ ಚಾಲಕನೊಬ್ಬನ ಹೆಸರಿನಲ್ಲಿತ್ತು. ಅವನಿಗೆ ಅದರ ಸುದ್ದಿಯೇ ಇರಲಿಲ್ಲ. ಬೆಲ್ಲದ ನಂಬರ್ ಮುರಗೋಡದ ಕೃಷ್ಣವ್ವ ಎಂಬ ಮುದುಕಿಯ ಹೆಸರಿನಲ್ಲಿತ್ತು. ಆಕೆ ತೀರಿಕೊಂಡಿದ್ದಳು.

ಸಂಘಮಿತ್ರಾ ಈಗ ಕಿತ್ತ ಅಂಟುಚೀಟಿಗೆ ಮೊಬೈಲ್ ಹಿಡಿದಳು. ತೆರೆಯ ಮೇಲೆ ಒಂದು ನಂಬರ್ ಮಾತ್ರ ಮೂಡಿತು. ಕೃಷ್ಣವ್ವನ ನಂಬರ್.

“ಅಂಟಿಸಿದವ್ರು ಸಿಕ್ಕರ ಎಲ್ಲಾ ಸಿಕ್ಕಂಗ ಆತ್ರಿ,” ಎಂದ ಗಂಗಯ್ಯ.

“ಹಂಗ ಕಾಣತೈತಿ.”

“ಹುಡುಗಿನ್ನ ಒಂದ್ಸಲ ಕೇಳಿದ್ರ ಹೆಂಗ್ರಿ?”

“ದೇಗಾಂವಕ್ಕ ಹೋಗ್ಯಾಳ, ಸೋದರತ್ತಿ ಮನಿಗೆ. ನಿನ್ನೆ ಆ ಅತ್ತಿ ಜೋಡಿ ಫೋನಿನಾಗ ಮಾತಾಡೇನಿ. ಹುಡುಗಿಗೆ ಜ್ವರ, ಸ್ವಲ್ಪ ದಿನ ಬಿಟ್ಟು ಬರ್ರಿ ಅಂದ್ರು.”

ಹೊರಗೆ ಗಂಟೆ ಬಾರಿಸಿತು. ಕ್ಷಣದಲ್ಲಿ ಅಂಗಳದ ತುಂಬ ಹುಡುಗಿಯರ ಗದ್ದಲ. ನಲ್ಲಿಯ ಮುಂದೆ ಸಾಲು ನಿಂತಿತು. ಕೆಲವರು ಬೇವಿನ ಗಿಡದ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿದರು. ಸಂಘಮಿತ್ರಾ ತಲೆಯೆತ್ತಿ ಆ ಸದ್ದಿಗೆ ಕಿವಿಗೊಟ್ಟಳು. ಆಮೇಲೆ ಬೆಲ್ಲದ ಸಂದೇಶಗಳನ್ನೇ ಒಂದೊಂದಾಗಿ ಮೇಲಕ್ಕೆ ಸರಿಸಿದಳು.

“ಗಂಗಯ್ಯಾರ, ಇಲ್ಲಿ ನೋಡ್ರಿ. ಈ ಅಕ್ಕ ಬರಿಯೂದು ಯಾವಾಗ?”

ಗಂಗಯ್ಯ ಬಗ್ಗಿ ನೋಡಿದ. ಸಣ್ಣ ಬಿಡುವಿನಲ್ಲಿ ಒಂದು ಉತ್ತರ. ಊಟದ ಬಿಡುವಿನಲ್ಲಿ ಎರಡು. ಸಂಜೆ ಶಾಲೆ ಬಿಟ್ಟ ಮೇಲೆ ಉದ್ದುದ್ದ ಮಾತು. ತರಗತಿ ನಡೆಯುವ ಹೊತ್ತಿನಲ್ಲಿ ಒಂದಕ್ಷರವೂ ಇಲ್ಲ. ಶನಿವಾರ ಮಾತ್ರ ಲೆಕ್ಕ ಬೇರೆ. ಅವತ್ತು ಮುಂಜಾನೆ ಶಾಲೆ. ಉತ್ತರ ಮಧ್ಯಾಹ್ನಕ್ಕೆ ಮೊದಲೇ ಶುರುವಾಗುತ್ತಿತ್ತು.

“ಗಂಟಿ ಪ್ರಕಾರ ಬದುಕುವವ್ರು,” ಎಂದ ಗಂಗಯ್ಯ ಮೆಲ್ಲಗೆ. “ಮಾಸ್ತರ ಮಂದಿ.”

“ಇದ ಸಾಲಿಯವ್ರು.”

ಅವಳು ಅಂಟುಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಾಗದ ಹಾಲಿನ ಬಣ್ಣದ್ದು, ನೀರು ತಾಗಿದರೂ ಕೆಡದ ಜಾತಿ. ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ನೀಲಿ ಗೆರೆ. ಯಾವುದೋ ಅಚ್ಚಾದ ಅಂಚನ್ನು ಕತ್ತರಿಸುವಾಗ ಉಳಿದು ಹೋದ ಗೆರೆ. ಗ್ರಂಥಾಲಯದ ಪುಸ್ತಕಗಳ ಬೆನ್ನು ನೋಡಿದಳು. ಅಲ್ಲಿ ಸಾದಾ ಬಿಳಿ ಕಾಗದ, ಗೋಂದು.

ಹಿಂದಿರುಗುವಾಗ ವಿಜ್ಞಾನ ಪ್ರಯೋಗಾಲಯದ ಕಿಟಕಿಯ ಮುಂದೆ ಅವಳ ಹೆಜ್ಜೆ ನಿಂತಿತು. ಒಳಗೆ ಕಪಾಟಿನ ತುಂಬ ಗಾಜಿನ ಬಾಟಲಿಗಳು. ಮೈಲುತುತ್ತದ ಬಾಟಲಿ, ಸುಣ್ಣದ ತಿಳಿಯ ಬಾಟಲಿ. ಪ್ರತಿಯೊಂದಕ್ಕೂ ಹಾಲಿನ ಬಣ್ಣದ ಚೀಟಿ, ಸುತ್ತ ತೆಳುವಾದ ನೀಲಿ ಗೆರೆ.

ಒಬ್ಬ ಹೆಂಗಸು ಬೆನ್ನು ತಿರುಗಿಸಿ ಬೀಕರ್‌ಗಳನ್ನು ತೊಳೆಯುತ್ತಿದ್ದಳು.

“ಆ ಬಾಯಾರ ಯಾರು?” ಎಂದು ಸಂಘಮಿತ್ರಾ ಅಲ್ಲಿಂದ ಹಾದುಹೋಗುತ್ತಿದ್ದ ಹುಡುಗಿಯನ್ನು ಕೇಳಿದಳು.

“ಅನ್ನಪೂರ್ಣಾ ಟೀಚರ್ರಿ. ವಿಜ್ಞಾನ ಹೇಳ್ತಾರ.”

“ಯಾವೂರವ್ರು?”

“ಮುರಗೋಡದವ್ರರಿ.”

ಸಂಘಮಿತ್ರಾ ಗಂಗಯ್ಯನನ್ನು ಬಾಗಿಲಲ್ಲಿ ನಿಲ್ಲಿಸಿ ಒಳಗೆ ಹೋದಳು. ಅನ್ನಪೂರ್ಣಾ ನಲವತ್ತು ದಾಟಿದ ಗಟ್ಟಿ ಹೆಂಗಸು. ಹತ್ತಿಯ ಸೀರೆ, ತೋಳಿಗೆ ಸೀಮೆಸುಣ್ಣದ ಧೂಳು. ಪೊಲೀಸ್ ಸಮವಸ್ತ್ರ ನೋಡಿ ಅವಳು ಬೆಚ್ಚಲಿಲ್ಲ. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಸ್ಟೂಲ್ ಎಳೆದಿಟ್ಟಳು.

“ಕುಂಡ್ರಿ.”

ಸಂಘಮಿತ್ರಾ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲಿಟ್ಟಳು. “ಇದು ನಿಮ್ಮ ಬಾಟ್ಲಿ ಚೀಟಿ ಕಾಗದ ಹೌದಲ್ರಿ?”

ಅನ್ನಪೂರ್ಣಾ ನೋಡಿದಳು. “ಹೌದು.”

“ಕೃಷ್ಣವ್ವ ಯಾರು?”

“ನಮ್ಮವ್ವ. ಹೋದ ವರ್ಷ ತೀರಿಕೊಂಡ್ಲು. ಆಕಿ ಸಿಮ್ ನನ್ನ ಹಂತ್ಯಾಕ ಉಳದಿತ್ತು.”

“ಅಂದ್ರ ಗೆಳತಿ ಅಕ್ಕ ನೀವು.”

“ಒಬ್ಬಾಕಿ ನಾನು,” ಎಂದಳು ಅನ್ನಪೂರ್ಣಾ. ಆಮೇಲೆ ಚೀಲವನ್ನು ಮತ್ತೊಮ್ಮೆ ನೋಡಿದಾಗ ಮೊದಲ ಬಾರಿಗೆ ಅವಳ ಮುಖ ಬಣ್ಣಗೆಟ್ಟಿತು. “ಇದನ್ನ ನೀವು ಕಿತ್ತೀರೇನು?”

“ಕಿತ್ತೇನಿ.”

“ಕೆಳಗಿಂದು ಹಂಗ ಬಿಟ್ಟು ಬಂದೀರಾ? ಈಗ ಬಿಡುವು ಐತಿ. ಹುಡುಗ್ಯಾರು ಕಂಪ್ಯೂಟರ್ ಕೋಣಿ ಮುಂದನ ಇರ್ತಾರ. ಮೊದಲು ಹೋಗಿ ಅದನ್ನ ಮುಚ್ಚರಿ. ಆಮ್ಯಾಲ ನನ್ನನ್ನ ಎಲ್ಲಿ ಬೇಕಾದರೂ ಕರಕೊಂಡ ಹೋಗ್ರಿ.”

ಸಂಘಮಿತ್ರಾ ಅವಳ ಕಣ್ಣು ನೋಡಿದಳು. ತಪ್ಪಿಸಿಕೊಳ್ಳುವವರ ಕಣ್ಣು ಅದಾಗಿರಲಿಲ್ಲ. “ಗಂಗಯ್ಯಾರ,” ಎಂದಳು ಬಾಗಿಲ ಕಡೆಗೆ, “ಆ ಪೋಸ್ಟರ್ ಪೂರ್ತಿ ತೆಗದು ತರ್ರಿ.”

ಗಂಗಯ್ಯ ಹೋದ.

“ಈಗ ಹೇಳ್ರಿ.”

“ಪೋಸ್ಟರ್ ಹಚ್ಚಿದ ವಾರದಾಗ ನಾನ ಅದಕ್ಕ ಬರದೆ, ಒಂಬತ್ತನೇ ಕ್ಲಾಸಿನ ಹುಡುಗಿ ಅಂತ ಹೇಳಿ,” ಎಂದಳು ಅನ್ನಪೂರ್ಣಾ. “ನಮ್ಮ ಮಕ್ಕಳ ಕೈಗೆ ಏನ ಕೊಡತೇವಿ ಅಂತ ನೋಡಬೇಕಲ್ರಿ. ಮೊದಲೆರಡು ದಿನ ಬಾಳ ಚಲೋ ಮಾತು. ಆಮ್ಯಾಲ ಕೇಳಾಕ ಹತ್ತಿದ್ಲು. ಮನ್ಯಾಗ ಮೊಬೈಲ್ ಯಾರದು, ಅವ್ವ ಹೊಲಕ್ಕ ಯಾವಾಗ ಹೋಗತಾಳ, ಅಪ್ಪ ಸಿಟ್ಟಿನವನೇನು. ಸಹಾಯ ಮಾಡೂವ್ರು ಇದನ್ನ ಯಾಕ ಕೇಳ್ತಾರ್ರಿ? ನಾ ಒಂದು ಸುಳ್ಳ ಗುಟ್ಟು ಹೇಳಿದೆ. ಮರುದಿನಾನ ಬಂತು. ಇನ್ನೊಬ್ಬಾಕಿನ್ನ ಕರಕೊಂಡ ಬಾ, ಇಲ್ಲಾಂದ್ರ ಅಪ್ಪಗ ಹೇಳತೇನಿ ಅಂತ.”

“ಹೆಡ್ ಮಾಸ್ತರಿಗೆ ಹೇಳಲಿಲ್ಲೇನು?”

“ಹೇಳಿದೆ. ಮೊಬೈಲ್ ತೋರಿಸಿದೆ. ದೊಡ್ಡ ಮಂದಿ ಉದ್ಘಾಟನೆ ಮಾಡಿ ಹೋಗ್ಯಾರ, ಪೋಸ್ಟರ್ ತೆಗದ್ರ ಸಾಲಿ ಮ್ಯಾಲ ಬರತೈತಿ, ಸುಮ್ನಿರ್ರಿ ಬಾಯಾರ ಅಂದ್ರು.”

“ಅದಕ್ಕ ಮ್ಯಾಲ ನಿಮ್ಮದು ಅಂಟಿಸಿದ್ರಿ.”

“ತೆಗದ್ರ ಗೊತ್ತಾಗತಿತ್ತು. ಮುಚ್ಚಿದ್ರ ಗೊತ್ತಾಗಲಿಲ್ಲ.” ಅನ್ನಪೂರ್ಣಾ ಬೀಕರನ್ನು ಕೈಗೆತ್ತಿಕೊಂಡು ಸುಮ್ಮನೆ ತಿರುಗಿಸಿದಳು. “ಮಕ್ಕಳು ಬರಿಯಾಕ ಹತ್ತಿದ್ರು. ಒಬ್ಬಾಕಿ ಫೋಟೋ ತಗದು ಯಾರೋ ಬ್ಯಾರೆ ಹೆಸರಿಲೆ ಖಾತೆ ಮಾಡಿದ್ರು. ಆಕಿ ಜೋಡಿ ಕುಂತು ಅದನ್ನ ಬಂದ್ ಮಾಡಿಸಿದೆ. ಇನ್ನೊಬ್ಬಾಕಿಗೆ ಆಟದಾಗಿನ ಗೆಳ್ಯಾ ಒಬ್ಬ ಊರು ಕೇಳಾಕ ಹತ್ತಿದ್ದ. ಕ್ಲಾಸಿನಾಗ ನನ್ನ ಮುಂದ ಕುಂತಿರತಾರ, ಬಾಯಿ ಬಿಡೂದಿಲ್ಲ. ಮೊಬೈಲಿನಾಗ ಎಲ್ಲಾ ಹೇಳತಾರ. ಯಾರಂತ ಗೊತ್ತಾದ್ರ ನಿಂತ ಹೋಗತೈತಿ ಅಂತ ನಾನೂ ಹೇಳಲಿಲ್ಲ.”

“ವಿಜಯಾ?”

ಅನ್ನಪೂರ್ಣಾ ಬೀಕರನ್ನು ಕೆಳಗಿಟ್ಟಳು.

“ಆಕಿ ನಾ ಮುಚ್ಚೂಕಿಂತ ಮೊದಲ ಆ ಇನ್ನೊಬ್ಬಾಕಿಗೆ ಬರದಿದ್ಲು. ಆಮ್ಯಾಲ ಮತ್ತೊಮ್ಮೆ ಟ್ಯಾಬ್ ಹಿಡದಾಳ. ಅಕ್ಕ ನಂಬರ್ ಬದಲ ಮಾಡ್ಯಾಳ ಅಂತ ತಿಳಕೊಂಡು, ನನಗ ಬರದ್ಲು. ‘ಅಕ್ಕಾ, ನನ್ನ ಬಿಟ್ಟ ಬಿಡು, ನಾ ಯಾರನ್ನೂ ಕರಕೊಂಡ ಬರೂದಿಲ್ಲ’ ಅಂತ. ಆಕಿ ಬಾಜೂಕ ಕುಂಡ್ರೂ ಮಧು ಇದಾಳಲ್ರಿ, ಆಕಿನ್ನ ತರಬೇಕಂತ ಒತ್ತಾಯ ಇತ್ತು. ಮಧು ಮುಖಾ ನೋಡಬಾರದಂತ ಸಾಲಿ ಬಿಟ್ಲು ಆ ಹುಡುಗಿ.”

ಹೊರಗೆ ಗಂಟೆ ಬಾರಿಸಿತು. ಅಂಗಳ ಖಾಲಿಯಾಯಿತು.

“ಅವತ್ತ ನಮ್ಮ ಕಡೆ ಬರಬೇಕಿತ್ತು,” ಎಂದಳು ಸಂಘಮಿತ್ರಾ.

“ಬಂದ್ರ ಮೊದಲ ಹೊರಗ ಬೀಳೂದು ಹುಡುಗಿ ಹೆಸರು. ಆಕಿ ಅಪ್ಪ ಸಾಲಿ ಬಿಡಿಸತಿದ್ದ. ಯಾರಿಗೂ ಹೇಳಬ್ಯಾಡ ಅಂತ ನನ್ನಿಂದ ಆಣಿ ಮಾಡಿಸಿಕೊಂಡಿದ್ಲು. ದೇಗಾಂವಕ್ಕ ಅತ್ತಿ ಮನಿಗೆ ಹೋದ್ಲು ಅಂತ ಕೇಳಿದ ಮ್ಯಾಲ, ಅಲ್ಲರೆ ಅರಾಮ ಇರತಾಳ ಅಂತ ಸುಮ್ನಾದೆ.”

“ನಿಮ್ಮ ಸಾಲಿ ಗ್ವಾಡಿ ಮುಚ್ಚಿದ್ರಿ ಟೀಚರ್. ಕಿತ್ತೂರಿಂದು ಯಾರು ಮುಚ್ಚಬೇಕು? ಸವದತ್ತಿದು? ರಾಮದುರ್ಗದ್ದು?”

ಅನ್ನಪೂರ್ಣಾ ತೊಳೆದ ಬೀಕರನ್ನು ಬೋರಲು ಹಾಕಿದಳು. “ಅದ ನನಗೂ ನಿದ್ದಿ ಹತ್ತಲಾರದಂಗ ಮಾಡೇತಿ,” ಎಂದಳು.

ಸಂಘಮಿತ್ರಾಳಿಗೆ ಆ ಹೆಂಗಸಿನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟು ಬಂದದ್ದು ತನ್ನ ಮೇಲೆ. ವಿರೂಪಾಕ್ಷ ಬೆರಳು ಮಾಡಿ ತೋರಿಸಿದ್ದನ್ನೇ ಹಿಂದುಮುಂದು ನೋಡದೆ ತಾನು ಕಿತ್ತಿದ್ದಳು.

ಗಂಗಯ್ಯ ಸುರುಳಿ ಸುತ್ತಿದ ಪೋಸ್ಟರ್ ಹಿಡಿದು ಬಂದ. ಸಂಘಮಿತ್ರಾ ಅದನ್ನು ಮೇಜಿನ ಮೇಲೆ ಹರಡಿ, ಠಾಣೆಯಿಂದ ತಂದಿದ್ದ ಹೊಸ ಸಿಮ್ಮಿನ ಮೊಬೈಲನ್ನು ಕೋಡಿಗೆ ಹಿಡಿದಳು. ಸೂರ್ಯಕಾಂತಿ ಪುಟದಲ್ಲಿ ಹುಡುಗಿಯೊಬ್ಬಳ ಸುಳ್ಳು ಹೆಸರು ಬರೆದು, ನಂಬರ್ ಕೊಟ್ಟಳು. ‘ಅಕ್ಕಾ, ನನಗ ಅಂಜಿಕಿ ಆಗೇತಿ.’

ಮೂವರೂ ಮೊಬೈಲ್ ನೋಡುತ್ತ ಕುಳಿತರು. ತರಗತಿಗಳು ನಡೆಯುತ್ತಿದ್ದವು. ಪಕ್ಕದ ಕೋಣೆಯಿಂದ ಇತಿಹಾಸದ ಪಾಠ ಕೇಳುತ್ತಿತ್ತು.

ಮೊಬೈಲ್ ಬೆಳಗಿತು. ‘ಏನಾತು ಕೂಸ? ನಾ ಇದ್ದೇನಲ್ಲ.’

ಕಳಿಸಿದ ನಂಬರ್ ಟ್ರ್ಯಾಕ್ಟರ್ ಚಾಲಕನ ಹೆಸರಿನಲ್ಲಿದ್ದದ್ದು. ವಿಜಯಾಳನ್ನು ಹೆದರಿಸಿದ್ದು.

ಸಂಘಮಿತ್ರಾ ಎದ್ದು ನೇರವಾಗಿ ಮುಖ್ಯೋಪಾಧ್ಯಾಯರ ಕೋಣೆಗೆ ಹೋದಳು. ವಿರೂಪಾಕ್ಷ ರಾಮಲಿಂಗಪ್ಪನವರ ಎದುರು ಚಹಾ ಕುಡಿಯುತ್ತಿದ್ದ. ಒಂದು ಕೈಯಲ್ಲಿ ಕಪ್, ಇನ್ನೊಂದರಲ್ಲಿ ಅದರಡಿಯ ಬಸಿ. ಅವನ ಮೊಬೈಲ್ ಮೇಜಿನ ಆಚೆ ತುದಿಯಲ್ಲಿ ಚಾರ್ಜಿಗೆ ಬಿದ್ದಿತ್ತು.

“ಸರ್, ಇವ್ರು ಈಗ ಹೊರಗ ಹೋಗಿದ್ರೇನು?”

“ಇಲ್ಲರಿ. ಆವಾಗಿಂದ ಇಲ್ಲೇ ಕುಂತಾರ,” ಎಂದರು ರಾಮಲಿಂಗಪ್ಪ.

ಹಾಗಾದರೆ ಬರೆದವನು ಇವನಲ್ಲ. ಸಂಘಮಿತ್ರಾ ಕುರ್ಚಿ ಎಳೆದುಕೊಂಡಳು.

“ವಿರೂಪಾಕ್ಷ ಅವರ, ಈ ಪೋಸ್ಟರ್ ಮಾಡಿದವ್ರು ಯಾರು? ಆ ಪುಟಕ್ಕ ಬಂದದ್ದನ್ನ ಓದೂವ್ರು ಯಾರು?”

“ನಾ ಭಾಷಣ ಮಾಡಿ ಹೋಗೂದಷ್ಟರಿ,” ಎಂದ ಅವನು. ಬಸಿ ಕೆಳಗಿಟ್ಟ. “ಮಕ್ಕಳ ಜೋಡಿ ಬರಿಯೂದು, ಉತ್ತರ ಕೊಡೂದು, ಎಲ್ಲಾ ನಮ್ಮ ಸೀತಕ್ಕ ನೋಡತಾರ. ಹೆಣ್ಣಮಕ್ಕಳಿಗೆ ಹೆಣ್ಣಮಗಳ ಇದ್ರ ಚಲೋ ಅಲ್ರೀ? ಈ ಸಾಲಿಯಿಂದ ಒಬ್ಬರೂ ಬರಿಯಾಕ ಹತ್ತಿಲ್ಲ, ಹೋಗಿ ನೋಡ್ರಿ ಅಂದವ್ರೂ ಅವರ. ಬಂದು ನೋಡಿದ್ರ ಮ್ಯಾಲ ಅಂಟಿಸಿದ್ದು ಕಾಣ್ತು. ಅದಕ್ಕ ನಿಮಗ ಫೋನು ಮಾಡಿದೆ.”

“ಪೊಲೀಸರಿಗೆ ಹೇಳತೇನಿ ಅಂತ ಆಕಿಗೆ ಹೇಳಿದ್ರೇನು?”

“ಇಲ್ಲರಿ. ಆಮ್ಯಾಲ ಹೇಳಿದೆ. ಯಾಕ ಮಾಡಿದಿ ಅಂತ ಬಾಳ ಬೈದ್ರು.” ಅವನ ದನಿ ಈಗ ತಗ್ಗಿತ್ತು. “ಏನಾಗೇತ್ರಿ ಮೇಡಂ?”

“ಸೀತಕ್ಕ ಈಗ ಎಲ್ಲಿ ಅದಾರ?”

“ಇವತ್ತ ರಾಮದುರ್ಗದ ಸಾಲ್ಯಾಗ ಮಕ್ಕಳ ಸಭೆ ಐತ್ರಿ. ಅಲ್ಲೇ ಇರತಾರ.”

ಸಂಘಮಿತ್ರಾ ಅಂಗಳಕ್ಕೆ ಬಂದಳು. ಕಿತ್ತೂರು ಮತ್ತು ಸವದತ್ತಿಯ ಶಾಲೆಗಳಿಗೆ ಫೋನು ಮಾಡಿ ಪೋಸ್ಟರ್ ತೆಗೆಸುವ ಕೆಲಸ ಗಂಗಯ್ಯನಿಗೆ ಬಿಟ್ಟು, ತಾನು ರಾಮದುರ್ಗದ ಶಾಲೆಯ ಮುಖ್ಯೋಪಾಧ್ಯಾಯಿನಿ ದೇವಕ್ಕನವರಿಗೆ ಕರೆ ಮಾಡಿದಳು. ಅನ್ನಪೂರ್ಣಾ ಬಂದು ಪಕ್ಕದಲ್ಲಿ ನಿಂತಳು.

“ನಮಸ್ಕಾರ್ರಿ ಮೇಡಂ,” ಎಂದರು ದೇವಕ್ಕ. ಹಿಂದೆ ಮಕ್ಕಳ ಚಪ್ಪಾಳೆ ಕೇಳುತ್ತಿತ್ತು. “ಹೌದರಿ, ಸೀತಕ್ಕ ಬಂದಾರ. ಸಭಾಂಗಣದಾಗ ಕಾರ್ಯಕ್ರಮ ನಡದೈತಿ. ಮಕ್ಕಳು ಅಗದಿ ಶಾಂತ ಕುಂತು ಕೇಳಾಕ ಹತ್ಯಾರ.”

“ಅವರೊಬ್ಬರ ಬಂದಾರೇನು?”

“ಇಲ್ಲರಿ. ತಮ್ಮ ಅಣ್ಣನ ಮಗಳನ್ನ ಕರಕೊಂಡ ಬಂದಾರ. ದೇಗಾಂವದಾಗ ಇವರ ಮನ್ಯಾಗ ಐತಂತ ಹುಡುಗಿ. ತಾನೂ ಅಕ್ಕಗ ಬರದೆ, ನೀವೂ ಬರೀರಿ, ಅಂಜಬ್ಯಾಡ್ರಿ ಅಂತ ಹೇಳಾಕ ಹತ್ಯಾಳ. ವಿಜಯಾ ಅಂತ ಹೆಸರು.”

ಹುಡುಗಿಗೆ ಜ್ವರ ಎಂದು ನಿನ್ನೆ ಫೋನಿನಲ್ಲಿ ಹೇಳಿದ ಸೋದರತ್ತೆ ಈ ಸೀತಕ್ಕನೇ. ಅನ್ನಪೂರ್ಣಾಳಿಗೂ ಆ ಮಾತು ಕೇಳಿಸಿತ್ತು. ಅವಳು ಬೇವಿನ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ಸಂಘಮಿತ್ರಾ ದನಿ ಏರಿಸಲಿಲ್ಲ. “ದೇವಕ್ಕಾರ, ನಾ ಹೇಳಿದಂಗ ಮಾಡ್ರಿ. ಸಭೆ ನಡೀಲಿ. ಬಾಗಲದಾಗ ಇಬ್ಬರು ಮಾಸ್ತರನ್ನ ನಿಂದರಸ್ರಿ. ಯಾರ ನಂಬರೂ ಬರಕೊಳ್ಳಾಕ ಬಿಡಬ್ಯಾಡ್ರಿ. ಆ ಹುಡುಗಿನ್ನ ಒಬ್ಬಾಕಿನ್ನ, ಏನರ ನೆವಾ ಹೇಳಿ, ನಿಮ್ಮ ಕೋಣಿಗೆ ಕರಕೊಂಡ ಬಂದು ಫೋನು ಕೊಡ್ರಿ. ಸೀತಕ್ಕಗ ಗೊತ್ತಾಗಬಾರದು.”

ಹೆಜ್ಜೆಗಳ ಸದ್ದು. ಬಾಗಿಲು ಮುಚ್ಚಿದ ಸದ್ದು. ಆಮೇಲೆ ಹತ್ತಿರದಲ್ಲಿ ಒಂದು ಸಣ್ಣ ಉಸಿರು.

“ವಿಜಯಾ? ನಾ ಸಂಘಮಿತ್ರಾ, ಪೊಲೀಸ್. ನಿಮ್ಮವ್ವ ನನ್ನ ಹಂತ್ಯಾಕ ಬಂದಿದ್ರು. ನೀ ಅಂಜಬ್ಯಾಡ. ನಾವು ಈಗ ಹೊರಡತೇವಿ. ಅಲ್ಲೀ ತನಕಾ ಆ ಕೋಣಿ ಬಿಟ್ಟು ಹೊರಗ ಬರಬ್ಯಾಡ.”

ಹುಡುಗಿ ಅಳಲಿಲ್ಲ. ಮೆಲ್ಲಗೆ, ಯೋಚಿಸಿ ಮಾತನಾಡಿದಳು. “ಮೇಡಂ, ನಮ್ಮ ಅತ್ತಿನ್ನ ಹಿಡಕೊಂಡ ಹೋಗಬ್ಯಾಡ್ರಿ.”

“ಯಾಕವಾ? ನಿನಗ ಬರೀತಿದ್ದಾಕಿ ಆಕಿ ಅಂತ ನಿನಗ ಗೊತ್ತೈತಿ ಅಲ್ಲ?”

“ಗೊತ್ತೈತ್ರಿ. ಮೊನ್ನೆ ಆಕಿ ಮೊಬೈಲ್ ನೋಡಿದೆ. ಆಕಿಗೂ ಇಂಥಾ ಮೆಸೇಜ್ ಬರತಾವ್ರಿ. ‘ಇವತ್ತ ಎಷ್ಟ ಮಂದಿ ತಂದಿ’ ಅಂತ. ಓದಿ ಓದಿ ಅಳತಾಳ್ರಿ ನಮ್ಮತ್ತಿ.”

“ಯಾರು ಕಳಸತಾರ?”

ಹುಡುಗಿಯ ದನಿ ಇನ್ನೂ ಸಣ್ಣದಾಯಿತು.

“ಅದ ಗೊತ್ತಿಲ್ಲರಿ. ಆ ನಂಬರಿಗೂ ಅತ್ತಿ ‘ಅಕ್ಕ’ ಅಂತನ ಹೆಸರ ಹಾಕ್ಯಾಳ್ರಿ.”